ಹಾಳುಬಿದ್ದ ಹುಲ್ಲುಹಾಸನ್ನು ಮಟ್ಟ ಮಾಡಿ ಮತ್ತೆ ಬೀಜ ಬಿತ್ತುವುದು ಹೇಗೆ

ಮೂರ್ನಾಲ್ಕು ವರ್ಷ ಯಾರೂ ನೋಡಿಕೊಳ್ಳದ ಲಾನಿನಲ್ಲಿ ನಡುನಡುವೆ ಬೋಳು, ಕಾಂಪೌಂಡ್ ಗೋಡೆಯ ಕಡೆ ಮೊಣಕಾಲುದ್ದ ಕಳೆ, ಕಾಲಿಟ್ಟರೆ ಕುಸಿಯುವ ಗುಂಡಿ, ಮಳೆ ನಿಂತು ಎರಡು ದಿನವಾದರೂ ಇಂಗದ ನೀರು ಕಾಣುವುದು ಸಾಮಾನ್ಯ. ಇಂಥ ಜಾಗ ನೋಡಿದ ಕೂಡಲೇ ಹೆಚ್ಚಿನವರು ಬೀಜದ ಪೊಟ್ಟಣ ತಂದು ಎರಚುತ್ತಾರೆ. ಹತ್ತು ದಿನದಲ್ಲಿ ಹಸಿರು ಕಾಣುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಹಳೆಯ ಬೋಳು ಹಳೆಯ ಜಾಗದಲ್ಲೇ ಮರಳುತ್ತದೆ. ಬಿತ್ತನೆಗೆ ಅರ್ಧ ದಿನ ಸಾಕು. ಅದಕ್ಕೂ ಮುಂಚಿನ ಆರೇಳು ವಾರ ನೆಲದ ಕೆಲಸಕ್ಕೆ ಬೇಕು, ಹುಲ್ಲು ನಿಲ್ಲುವುದೂ ಬಿಡುವುದೂ ಆ ಆರೇಳು ವಾರದಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿನ ಲೆಕ್ಕವೆಲ್ಲ ಬೆಂಗಳೂರು, ತುಮಕೂರು, ಮೈಸೂರು ಕಡೆಯ ಕೆಂಪು ಮಣ್ಣಿನ 1,000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್ ಲಾನಿಗೆ. ಹುಲ್ಲು ಗರಿಕೆ ಜಾತಿಯದು, ಅಂಗಡಿಯಲ್ಲಿ ಬರ್ಮುಡಾ ಎಂದು ಮಾರುತ್ತಾರೆ.

ತೇಪೆ ಸಾಕೇ, ಪೂರ್ತಿ ತೆಗೆಯಬೇಕೇ?

ಲಾನಿನ ಮೇಲೆ ಅಡ್ಡಾದಿಡ್ಡಿ ನಡೆಯುತ್ತಾ ಹತ್ತಿಪ್ಪತ್ತು ಕಡೆ ನಿಂತು ಕಾಲ ಬಳಿ ನೋಡಿ. ಅರ್ಧಕ್ಕಿಂತ ಹೆಚ್ಚು ಕಡೆ ಒಳ್ಳೆಯ ಹುಲ್ಲಿದ್ದು, ಏರುತಗ್ಗು ಎರಡು ಇಂಚಿನ ಒಳಗಿದ್ದರೆ ಅಗೆಯುವುದು ಬೇಡ. ಇದ್ದ ಹುಲ್ಲಿನ ಮೇಲೇ ಮಣ್ಣು ಹಾಕಿ, ಬೋಳಾದ ಕಡೆ ಮಾತ್ರ ಬಿತ್ತಬಹುದು. ಕಳೆಯೇ ಹೆಚ್ಚಿದ್ದರೆ, ಇಲ್ಲವೇ ನೀರು ಮನೆಯ ಕಡೆಗೇ ಹರಿಯುತ್ತಿದ್ದರೆ ಪೂರ್ತಿ ತೆಗೆದು ಮಾಡಿ. ಮೇಲೆ ಮೇಲೆ ಸರಿಪಡಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ಕೆಲಸ ಮತ್ತೆ ಬರುತ್ತದೆ.

ಈಗಿರುವ ಹುಲ್ಲು ಯಾವುದೆಂದೂ ತಿಳಿದಿರಲಿ. ಮೆಕ್ಸಿಕನ್ ಗ್ರಾಸ್, ಕೊರಿಯನ್ ಗ್ರಾಸ್ ಎಂದು ನರ್ಸರಿಯವರು ಕೊಡುವ ಒತ್ತಾದ, ನಿಧಾನವಾಗಿ ಹಬ್ಬುವ ಹುಲ್ಲಿನ ನಡುವೆ ಗರಿಕೆ ಬಿತ್ತಬೇಡಿ. ಎರಡರ ಬಣ್ಣ, ಎಲೆ, ಬೆಳೆಯುವ ವೇಗ ಎಲ್ಲವೂ ಬೇರೆ, ಆ ತೇಪೆ ಎಂದಿಗೂ ಮಾಸುವುದಿಲ್ಲ. ಅಂಥ ಲಾನಿಗೆ ಅದೇ ಹುಲ್ಲಿನ ಮ್ಯಾಟ್ ತಂದು ಕೂರಿಸಬೇಕು. ಇನ್ನು ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಗರಿಕೆ ನಿಲ್ಲುವುದಿಲ್ಲ. ಮಾವಿನ ಮರದಡಿ ಬಿತ್ತುವುದು ದುಡ್ಡು ದಂಡ. ಅಲ್ಲಿ ನೆರಳು ತಡೆಯುವ ಅಗಲ ಎಲೆಯ ಬಫೆಲೋ ಹುಲ್ಲಿನ ಬಳ್ಳಿ ನೆಡಿ, ಇಲ್ಲವೇ ಒಣ ಎಲೆಯ ಮುಚ್ಚಿಗೆ ಹಾಕಿ ಬಿಡಿ.

ಗುಂಡಿ ಯಾಕೆ ಬಿದ್ದಿದೆ?

ಕಾರಣ ತಿಳಿಯದೆ ತುಂಬಿದ ಗುಂಡಿ ಮತ್ತೆ ಕುಸಿಯುತ್ತದೆ. ತಗ್ಗಿನ ನಡುವೆ ಹಾರೆ ಊರಿ ನೋಡಿ. ಹಾರೆ ಸಲೀಸಾಗಿ ಒಂದಡಿ ಇಳಿದರೆ ಒಳಗೆ ಪೊಳ್ಳಿದೆ: ಹೆಗ್ಗಣದ ಬಿಲ, ಕೊಳೆತ ಮರದ ಬೇರು, ಇಲ್ಲವೇ ಪೈಪು ಹಾಕಲು ತೋಡಿ ಸರಿಯಾಗಿ ಮುಚ್ಚದ ಕಾಲುವೆ. ಹಾರೆ ಟಣ್ಣೆಂದು ನಿಂತರೆ ಮನೆ ಕಟ್ಟುವಾಗ ಹೂತುಹೋದ ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಸಿಮೆಂಟು. ಎಷ್ಟು ನೀರು ಹಾಕಿದರೂ ಬೇಸಿಗೆಯಲ್ಲಿ ಒಂದೇ ಕಡೆ ಹುಲ್ಲು ಒಣಗುತ್ತಿದ್ದರೆ ಅಡಿಯಲ್ಲಿ ಇಂಥ ಕಸವೇ ಇರುತ್ತದೆ. ಬಿಲವನ್ನು ಕೊನೆಯವರೆಗೆ ಅಗೆದು ಮಣ್ಣು ತುಂಬಿ ದಿಮ್ಮಸು ಮಾಡಿ. ಕೊಳೆತ ಬೇರನ್ನೂ ಕಟ್ಟಡದ ಕಸವನ್ನೂ ಎತ್ತಿ ಹೊರಹಾಕಿ.

ಹುಲ್ಲನ್ನು ಕೈಯಲ್ಲಿ ಹಿಡಿದೆಳೆದಾಗ ಬೇರಿಲ್ಲದೆ ಚಾಪೆಯಂತೆ ಸುರುಳಿಯಾಗಿ ಎದ್ದು ಬಂದರೆ ಅಡಿಯಲ್ಲಿ ಗೊಣ್ಣೆ ಹುಳು ಇದೆ. ಅಗೆಯುವಾಗ ಸಿಕ್ಕಿದ ಬಿಳಿಯ, ಬಾಗಿದ ಹುಳುಗಳನ್ನು ಆರಿಸಿ ತೆಗೆಯಿರಿ. ಮಣ್ಣನ್ನು ತಿರುವಿ ಬಿಟ್ಟರೆ ಮೈನಾ, ಕಾಗೆಗಳು ಉಳಿದದ್ದನ್ನು ಮುಗಿಸುತ್ತವೆ.

ನೀರು ಇಂಗುತ್ತದೆಯೇ ಎಂದೂ ಪರೀಕ್ಷಿಸಿ. ಒಂದಡಿ ಆಳದ ಗುಳಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ನಾಲ್ಕೈದು ತಾಸಿನಲ್ಲಿ ಹೋದರೆ ಚಿಂತೆಯಿಲ್ಲ. ರಾತ್ರಿಯಿಡೀ ನಿಂತರೆ ನೆಲ ಗಟ್ಟಿಗಟ್ಟಿದೆ, ಬರೀ ಮೇಲ್ಮಟ್ಟ ಸರಿ ಮಾಡಿದರೆ ಸಾಲದು, ಪಿಕಾಸಿಯಲ್ಲಿ ಎಂಟು ಇಂಚಾದರೂ ಸಡಿಲಿಸಬೇಕು.

ಯಾವಾಗ ಶುರು ಮಾಡಬೇಕು?

ಗರಿಕೆ ಬೀಜ ಮೊಳೆಯಲು ಬೆಚ್ಚಗಿನ ಮಣ್ಣು ಬೇಕು, 20 ಡಿಗ್ರಿಗಿಂತ ಕೆಳಗೆ ಅದು ಸುಮ್ಮನೆ ಬಿದ್ದಿರುತ್ತದೆ. ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆಲದ ಕೆಲಸ ಮುಗಿಸಿ, ಮೃಗಶಿರೆ, ಆರಿದ್ರೆ ಮಳೆಯ ಹೊತ್ತಿಗೆ, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದೊಳಗೆ ಬಿತ್ತುವುದು ಸೂಕ್ತ. ಬೆಂಗಳೂರಿನಲ್ಲಿ ಆಗ ತುಂತುರೇ ಹೆಚ್ಚು, ಜಡಿಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ ಬರುತ್ತದೆ. ಅಷ್ಟರಲ್ಲಿ ಹುಲ್ಲು ಬೇರು ಬಿಟ್ಟು ಮಣ್ಣನ್ನು ಹಿಡಿದಿರುತ್ತದೆ. ಕರಾವಳಿಯಲ್ಲಿ ಲೆಕ್ಕ ತಿರುಗುಮುರುಗು: ಜೂನ್, ಜುಲೈ ಮಳೆಗೆ ಬೀಜ ಉಳಿಯುವುದಿಲ್ಲ, ಮಳೆಯ ಅಬ್ಬರ ಇಳಿದ ಮೇಲೆ ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತಬೇಕು.

ಮಳೆಗಾಲವನ್ನೇ ನೆಚ್ಚಲು ಇನ್ನೊಂದು ಕಾರಣ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಬೇಸಿಗೆಯಲ್ಲಿ ಲಾನು ಬಿತ್ತುವುದು ನೀರಿನ ದೃಷ್ಟಿಯಿಂದಲೂ ಸರಿಯಲ್ಲ.

ಕಳೆ ತೆಗೆಯುವುದು

ಕಾಂಗ್ರೆಸ್ ಗಿಡ, ಮುಟ್ಟಿದರೆ ಮುನಿ, ಹುಳಿಸೊಪ್ಪು ಇವನ್ನು ಮಣ್ಣು ಹಸಿಯಿದ್ದಾಗ ಬೇರುಸಹಿತ ಕಿತ್ತರೆ ಮುಗಿಯಿತು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ, ಕೈಗವಸು ಹಾಕಿ ಕೀಳಿ, ಅದರ ತುರಿಕೆ ಕೆಲವರಿಗೆ ವಾರಗಟ್ಟಲೆ ಬಿಡುವುದಿಲ್ಲ. ನಿಜವಾದ ಶತ್ರು ಜೇಕು, ಕೊನ್ನಾರಿ ಗಡ್ಡೆ. ಮೇಲಿನ ಹುಲ್ಲು ಕಿತ್ತರೆ ಗಡ್ಡೆ ಒಳಗೇ ಉಳಿಯುತ್ತದೆ, ಒಂದು ಗಡ್ಡೆಯಿಂದ ದಾರದಂಥ ಬೇರು ಹೊರಟು ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಗುದ್ದಲಿಯಲ್ಲಿ ಕಡಿದರೆ ಸರ ತುಂಡಾಗಿ ಒಂದೊಂದು ಗಡ್ಡೆಯೂ ಹೊಸ ಗಿಡವಾಗುತ್ತದೆ. ಹಾಗಾಗಿ ಟಿಲ್ಲರ್ ಹೊಡೆಸುವ ಮುಂಚೆ ಜೇಕು ಇರುವ ಕಡೆ ಹಾರೆಯಿಂದ ಒಂದಡಿ ಮಣ್ಣನ್ನು ಮಗುಚಿ, ಸರವನ್ನು ಇಡಿಯಾಗಿ ಬಿಡಿಸಿ, ಮಣ್ಣನ್ನು ಜರಡಿ ಹಿಡಿದು ಗಡ್ಡೆ ಆರಿಸಿ. ಬೇಸರದ ಕೆಲಸ ನಿಜ, ಆದರೆ ಇಲ್ಲಿ ಉಳಿಸಿದ ಒಂದು ದಿನ ಮುಂದೆ ವರ್ಷಗಟ್ಟಲೆ ಕಾಡುತ್ತದೆ.

ಪೂರ್ತಿ ತೆಗೆದು ಮಾಡುವವರಿಗೆ ಏಪ್ರಿಲ್ ಬಿಸಿಲು ಉಪಕಾರಿ. ನೆಲಕ್ಕೆ ಚೆನ್ನಾಗಿ ನೀರುಣಿಸಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಮಣ್ಣಿಗೆ ಅಂಟಿದಂತೆ ಎಳೆದು ಹಾಸಿ, ಸುತ್ತ ಅಂಚನ್ನು ಮಣ್ಣಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಡಿ. ಮೇಲ್ಪದರದ ಕಳೆಬೀಜ ಬೆಂದು ಸಾಯುತ್ತದೆ. ಜೇಕಿನ ಆಳದ ಗಡ್ಡೆ ಇದರಿಂದ ಪೂರ್ತಿ ಸಾಯುವುದಿಲ್ಲ.

ಮಟ್ಟ ಗುರುತಿಸುವುದು

ಲಾನು ನೀರಿನಂತೆ ಸಮತಟ್ಟಾಗಿ ಇರಬಾರದು. ಮನೆಯಿಂದ ಆಚೆಗೆ ಪ್ರತಿ ಹತ್ತಡಿಗೆ ಒಂದೂಕಾಲು ಇಂಚಿನಿಂದ ಎರಡೂವರೆ ಇಂಚಿನವರೆಗೆ ಇಳಿಜಾರು ಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ತೀರಾ ಹೆಚ್ಚಾದರೆ ಬಿತ್ತಿದ ಬೀಜ ಮೊದಲ ಮಳೆಗೇ ಗೇಟಿನ ಬಳಿ ಸೇರುತ್ತದೆ.

ಮನೆಯ ಹತ್ತಿರ ಒಂದು ಗೂಟ, ಆಚೆ ಅಂಚಿಗೆ ಒಂದು ಗೂಟ ಹೊಡೆಯಿರಿ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಎರಡೂ ಗೂಟದ ಮೇಲೆ ನೀರು ನಿಂತ ಗುರುತು ಹಾಕಿ. ಗುಳ್ಳೆ ಉಳಿದರೆ ಗುರುತು ತಪ್ಪುತ್ತದೆ. ಮೂವತ್ತಡಿ ಉದ್ದದ ಲಾನಾದರೆ ಆಚೆಯ ಗೂಟದ ಗುರುತಿನಿಂದ ನಾಲ್ಕರಿಂದ ಐದು ಇಂಚು ಕೆಳಗೆ ದಾರ ಕಟ್ಟಿ, ಮನೆಯ ಕಡೆ ಗುರುತಿಗೇ ಕಟ್ಟಿ. ಇಂಥ ದಾರಗಳನ್ನು ಐದೈದು ಅಡಿಗೆ ಒಂದರಂತೆ ಎಳೆದರೆ ನೆಲ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಅಳತೆಪಟ್ಟಿಯಲ್ಲೇ ಓದಬಹುದು.

ಮುಗಿದ ಮೇಲೆ ಮಣ್ಣು ನಡೆಯುವ ಕಲ್ಲುಹಾಸಿಗಿಂತ ಒಂದು ಇಂಚು ಕೆಳಗಿರಲಿ, ಮನೆಯ ಗೋಡೆಗೆ ತಾಗುವ ಕಡೆ ಮನೆಯ ಒಳನೆಲದ ಮಟ್ಟಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಲಿ, ಇಲ್ಲದಿದ್ದರೆ ಗೋಡೆ ತೇವ ಎಳೆಯುತ್ತದೆ. ಮರದ ಬುಡಕ್ಕೆ ಮಣ್ಣು ಏರಿಸಬೇಡಿ, ತೊಗಟೆ ಕೊಳೆಯುತ್ತದೆ.

ನಾಲ್ಕು ಇಂಚಿಗಿಂತ ಹೆಚ್ಚು ಕಡಿಯಬೇಕಾದಲ್ಲಿ ಮೇಲಿನ ಆರಿಂಚು ಮಣ್ಣನ್ನು ಮೊದಲು ಎತ್ತಿ ಪಕ್ಕಕ್ಕೆ ರಾಶಿ ಹಾಕಿ. ಅಡಿಯ ಕೆಂಪು ಮಣ್ಣನ್ನು ಕಡಿದು ಮಟ್ಟ ಮಾಡಿ, ಆ ಮೇಲ್ಮಣ್ಣನ್ನು ಮತ್ತೆ ಹರಡಿ. ಉಬ್ಬನ್ನು ನೇರ ಕೆರೆದು ತಗ್ಗಿಗೆ ತಳ್ಳಿದರೆ ಉಬ್ಬಿದ್ದ ಕಡೆ ಸಾರವಿಲ್ಲದ ಅಡಿಮಣ್ಣು ಬಯಲಾಗುತ್ತದೆ, ಅಲ್ಲಿ ಹುಲ್ಲು ವರ್ಷವಿಡೀ ಹಳದಿ.

ಯಾವ ಮಣ್ಣು, ಎಷ್ಟು?

ತುಂಬುವ ಮಣ್ಣು ಇರುವ ಮಣ್ಣಿನ ಜಾತಿಯದೇ ಆಗಿರಬೇಕು. ಕೆಂಪು ಜೇಡಿಯ ಮೇಲೆ ಬರೀ ಮರಳು ಸುರಿದರೆ ಎರಡು ಪದರವಾಗಿ, ಬೇರು ನಡುವಿನ ಗೆರೆಯಲ್ಲೇ ನಿಲ್ಲುತ್ತದೆ. ಎರಡು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕಾಂಪೋಸ್ಟ್ ಬೆರೆಸಿ. ನದಿ ಮರಳು ಸಿಗದಿದ್ದರೆ ತೊಳೆದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ನಡೆಯುತ್ತದೆ. ಗಾರೆಗೆ ಬಳಸುವ ನುಣ್ಣನೆಯ ಪಿ-ಸ್ಯಾಂಡ್ ಬೇಡ, ಅದರ ಧೂಳು ಜೇಡಿಯೊಂದಿಗೆ ಸೇರಿ ಗಟ್ಟಿ ಹೆಪ್ಪಾಗುತ್ತದೆ. ಹಸಿ ಸಗಣಿ ಗೊಬ್ಬರ ಕಳೆಬೀಜದ ಗೂಡು, ಪುಡಿಯಾಗಿ ಮಣ್ಣಿನ ವಾಸನೆ ಬರುವಷ್ಟು ಕಳಿತದ್ದೇ ಆಗಬೇಕು.

1,000 ಚದರ ಅಡಿಗೆ ಒಂದು ಸೆಂಟಿಮೀಟರ್ ದಪ್ಪ ಹರಡಲು ಸುಮಾರು 33 ಘನ ಅಡಿ ಮಿಶ್ರಣ ಬೇಕು. ಸಡಿಲ ಮಣ್ಣು ಕೂತಾಗ ಐದರಲ್ಲಿ ಒಂದು ಪಾಲು ಇಳಿಯುತ್ತದೆ, ಹಾಗಾಗಿ 40 ತರಿಸಿ. ಪೂರ್ತಿ ಹೊಸದಾಗಿ ಮಾಡುವಾಗ ಮೇಲಿನ ಆರಿಂಚಿಗೆ 200ರಿಂದ 300 ಕೆಜಿ ಕಾಂಪೋಸ್ಟ್, 3 ಕೆಜಿ ಸಿಂಗಲ್ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ ಸೇರಿಸಿ ಬೆರೆಸಿ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಕೃಷಿ ಸುಣ್ಣ ಬೇಕಾಗಬಹುದು, ಅದನ್ನು ಮಣ್ಣು ಪರೀಕ್ಷೆಯ ವರದಿ ನೋಡಿಯೇ ಹಾಕಿ.

ಹುಲ್ಲಿರುವ ಕಡೆ ತಗ್ಗು ತುಂಬುವುದು

ಒಂದು ಇಂಚಿನೊಳಗಿನ ತಗ್ಗಾದರೆ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಹಲ್ಲಿನ ರೇಕಿನಿಂದ ಸತ್ತ ಹುಲ್ಲನ್ನು ಕೆರೆದು ತೆಗೆದು, ತೋಟದ ಫೋರ್ಕಿನಿಂದ ಅರ್ಧರ್ಧ ಅಡಿಗೆ ಮೂರು ನಾಲ್ಕು ಇಂಚು ಆಳದ ತೂತು ಹಾಕಿ. ಮೇಲೆ ಮಿಶ್ರಣವನ್ನು ಒಂದು ಸೆಂಟಿಮೀಟರ್ ಹರಡಿ, ರೇಕಿನ ಹಿಂಬದಿಯಿಂದ ಉಜ್ಜಿ. ಹುಲ್ಲಿನ ತುದಿ ಕಾಣುತ್ತಿರಬೇಕು. ಒಮ್ಮೆಲೇ ಎರಡಿಂಚು ಸುರಿದರೆ ಅಡಿಯ ಹುಲ್ಲು ಉಸಿರುಗಟ್ಟಿ ಕೊಳೆಯುತ್ತದೆ. ಮೂರು ನಾಲ್ಕು ವಾರ ಬಿಟ್ಟು, ಹುಲ್ಲು ಮೇಲೆದ್ದ ಮೇಲೆ ಎರಡನೇ ಪದರ.

ಆಳದ ತಗ್ಗಿನಲ್ಲಿ ಒಳ್ಳೆಯ ಹುಲ್ಲಿದ್ದರೆ ಅದನ್ನು ಕಳೆದುಕೊಳ್ಳಬೇಕಿಲ್ಲ. ಹಿಂದಿನ ದಿನ ನೀರು ಹಾಕಿ. ಚೂಪು ಸಲಿಕೆಯಿಂದ ತಗ್ಗಿನ ನಡುವೆ ಒಂದು ಉದ್ದ ಗೆರೆ, ಅದರ ಎರಡೂ ತುದಿಗೆ ಒಂದೊಂದು ಅಡ್ಡ ಗೆರೆ ಎರಡಿಂಚು ಆಳಕ್ಕೆ ಕೊಯ್ಯಿರಿ. ಸಲಿಕೆಯನ್ನು ಮಲಗಿಸಿ ಬೇರಿನಡಿ ತೂರಿಸುತ್ತಾ ನಡುಗೆರೆಯಿಂದ ಎರಡೂ ಕಡೆಗೆ ಹುಲ್ಲಿನ ಪದರವನ್ನು ಬಾಗಿಲಿನ ಎರಡು ಕದ ತೆರೆದಂತೆ ಮಡಚಿ. ಬಯಲಾದ ಮಣ್ಣನ್ನು ಕೆದಕಿ ಸಡಿಲಿಸಿ, ಮಿಶ್ರಣವನ್ನು ಎರಡೆರಡು ಇಂಚಿನ ಪದರಗಳಲ್ಲಿ ಹಾಕಿ ಪ್ರತಿ ಪದರವನ್ನೂ ಹಿಮ್ಮಡಿಯಿಂದ ಮೆಟ್ಟಿ. ಹುಲ್ಲಿನ ಕದಗಳನ್ನು ಮುಚ್ಚಿ, ಅಕ್ಕಪಕ್ಕಕ್ಕಿಂತ ಅರ್ಧ ಇಂಚು ಎತ್ತರಕ್ಕೇ ಬಿಡಿ, ಮಳೆಗೆ ಅದು ಕೂತು ಸರಿಹೋಗುತ್ತದೆ. ಕೊಯ್ದ ಗೆರೆಗಳಿಗೆ ಮಣ್ಣು ತುಂಬಿ ನೀರು ಹಾಕಿ. ಉಬ್ಬಿದ ಕಡೆಯೂ ಇದೇ ರೀತಿ, ಮಣ್ಣು ತುಂಬುವ ಬದಲು ತೆಗೆಯುವುದಷ್ಟೇ.

ನೆಲ ಕೂರಲು ಬಿಡಿ

ಹೊಸದಾಗಿ ಮಟ್ಟ ಮಾಡಿದ ನೆಲದಲ್ಲಿ ಅಂದೇ ಬಿತ್ತುವುದು ದೊಡ್ಡ ತಪ್ಪು. ಮಟ್ಟಗೋಲು ಇಲ್ಲವೇ ಮೇಸ್ತ್ರಿಗಳ ಹತ್ತಡಿ ಅಲ್ಯೂಮಿನಿಯಂ ಪಟ್ಟಿ ಎಳೆದು ಮೇಲ್ಮೈ ಸರಿ ಮಾಡಿ, ಹಗುರ ರೋಲರ್ ಎಳೆದು ಚೆನ್ನಾಗಿ ನೀರು ಹಾಕಿ. ಎರಡು ಮೂರು ವಾರ ತೇವ ಉಳಿಸಿ ಕಾಯಿರಿ. ಈ ಅವಧಿಯಲ್ಲಿ ಮಣ್ಣು ಕೂತು ಹೊಸ ತಗ್ಗುಗಳು ತಾವಾಗಿ ಕಾಣುತ್ತವೆ, ಜೊತೆಗೆ ಮೇಲ್ಪದರದಲ್ಲಿದ್ದ ಕಳೆಬೀಜವೆಲ್ಲ ಮೊಳೆಯುತ್ತದೆ. ಎರಡೆಲೆ ಬಿಟ್ಟ ಆ ಕಳೆಯನ್ನು ಅರ್ಧ ಇಂಚಿನಷ್ಟೇ ಮೇಲಿಂದ ಹೆರೆದು ತೆಗೆಯಿರಿ. ಆಳಕ್ಕೆ ಕೆದಕಿದರೆ ಅಡಿಯ ಬೀಜ ಮೇಲೆ ಬಂದು ಮತ್ತೆ ಅದೇ ಕಥೆ. ಆಮೇಲೆ ಪಟ್ಟಿ ಇಟ್ಟು ನೋಡಿದಾಗ ಅದರಡಿ ಎಲ್ಲೂ ಅರ್ಧ ಇಂಚಿಗಿಂತ ಹೆಚ್ಚು ಸಂದಿ ಇರಬಾರದು, ನಡೆದರೆ ಹೆಜ್ಜೆ ಅರ್ಧ ಇಂಚಿಗಿಂತ ಹೆಚ್ಚು ಇಳಿಯಬಾರದು. ಆಗ ನೆಲ ಬೀಜಕ್ಕೆ ಸಿದ್ಧ.

ಬೀಜ

ಆನ್‌ಲೈನಿನಲ್ಲಿ ಸುಂದರ ಚಿತ್ರದೊಂದಿಗೆ ಬರುವ ರೈ, ಫೆಸ್ಕ್ಯೂ, ಬ್ಲೂ ಗ್ರಾಸ್ ಬೀಜ ಚಳಿದೇಶದ್ದು. ರೈ ವಾರದಲ್ಲೇ ಚಿಗುರಿ ಕಣ್ಣು ತುಂಬುತ್ತದೆ, ನಮ್ಮ ಬೇಸಿಗೆ ಬರುವಷ್ಟರಲ್ಲಿ ಸಾಯುತ್ತದೆ. ಇನ್ನು ಗಾಲ್ಫ್ ಮೈದಾನದ ಹೈಬ್ರಿಡ್ ಬರ್ಮುಡಾ ತಳಿಗಳು ಬೀಜವನ್ನೇ ಕಟ್ಟುವುದಿಲ್ಲ, ಬಳ್ಳಿಯಿಂದಲೇ ಬೆಳೆಸಬೇಕು. ಹಾಗಾಗಿ ಕೊಳ್ಳಬೇಕಾದದ್ದು ಸಾಮಾನ್ಯ ಬರ್ಮುಡಾ, ಸಿಪ್ಪೆ ತೆಗೆದ ಬೀಜ, ಪೊಟ್ಟಣದ ಮೇಲೆ ಮೊಳಕೆ ಪ್ರಮಾಣವೂ ಪರೀಕ್ಷಿಸಿದ ತಾರೀಕೂ ಇರುವುದು. ಸಿಪ್ಪೆಯಿದ್ದ ಬೀಜ ಮೊಳೆಯಲು ಮೂರು ವಾರದವರೆಗೂ ಹಿಡಿಯುತ್ತದೆ. ಬಿತ್ತುವ ಮುಂಚೆ ಐವತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ಹತ್ತು ದಿನದಲ್ಲಿ ನಲವತ್ತಾದರೂ ಮೊಳೆಯದಿದ್ದರೆ ಬೀಜ ಹಳೆಯದು.

1,000 ಚದರ ಅಡಿಗೆ 500ರಿಂದ 700 ಗ್ರಾಂ ಸಾಕು. ಇದಕ್ಕಿಂತ ಹೆಚ್ಚು ಸುರಿದರೆ ಸಸಿಗಳು ಒತ್ತೊತ್ತಾಗಿ, ಕಡ್ಡಿಯಂತೆ ಸಣ್ಣಗಾಗಿ, ಬುಡ ಕೊಳೆತು ಬೀಳುತ್ತವೆ. ಬೀಜ ಗಸಗಸೆಯಷ್ಟು ಸಣ್ಣ, ಹಾಗೇ ಎರಚಿದರೆ ಸಮವಾಗಿ ಬೀಳದು. ಹತ್ತು ಪಟ್ಟು ಒಣ ಮರಳು ಸೇರಿಸಿ, ಲಾನನ್ನು ನಾಲ್ಕು ಭಾಗ ಮಾಡಿ, ಬೀಜವನ್ನೂ ನಾಲ್ಕು ಪಾಲು ಮಾಡಿ. ಪ್ರತಿ ಪಾಲಿನ ಅರ್ಧವನ್ನು ಉದ್ದಕ್ಕೆ ನಡೆಯುತ್ತಾ, ಉಳಿದರ್ಧವನ್ನು ಅಡ್ಡಕ್ಕೆ ನಡೆಯುತ್ತಾ ಎರಚಿ. ಗಾಳಿಯಿಲ್ಲದ ಬೆಳಗಿನ ಹೊತ್ತು ಒಳ್ಳೆಯದು. ರೇಕನ್ನು ಭಾರ ಬಿಡದೆ ಎಳೆದು ಬೀಜ ಕಾಲು ಇಂಚಿಗಿಂತ ಆಳ ಹೋಗದಂತೆ ಮುಚ್ಚಿ, ಮೇಲೆ ರೋಲರ್ ಒಮ್ಮೆ ಹಾಯಿಸಿ. ಬೀಜ ಮಣ್ಣಿಗೆ ಅಂಟಿದರಷ್ಟೇ ನೀರು ಹೀರುತ್ತದೆ.

ಮೇಲೆ ಒಣಹುಲ್ಲು ಹೊದಿಸುವ ಅಭ್ಯಾಸವಿದೆ. ರಾಗಿ ಹುಲ್ಲು ಹಾಕಿದರೆ ಅದರಲ್ಲಿ ಉಳಿದ ರಾಗಿಯೂ ಮೊಳೆತು ಗರಿಕೆಯ ಜೊತೆ ಗುರುತು ಸಿಗದಂತೆ ಬೆರೆಯುತ್ತದೆ, ಹಾಗಾಗಿ ಅದು ಬೇಡ. ಒದ್ದೆ ಗೋಣಿಚೀಲ ಇಲ್ಲವೇ ಶೇಡ್ ನೆಟ್ ಉತ್ತಮ. ಪಾರಿವಾಳ, ಗುಬ್ಬಿಯಿಂದಲೂ ಕಾಪಾಡುತ್ತದೆ. ಮೊದಲ ಮೊಳಕೆ ಕಂಡ ದಿನವೇ ಸಂಜೆ ತೆಗೆಯಿರಿ, ಎರಡು ದಿನ ತಡವಾದರೆ ಮೊಳಕೆ ನೂಲಿನಲ್ಲಿ ಸಿಕ್ಕಿ ಕಿತ್ತುಬರುತ್ತದೆ. ಇರುವೆ ಸಾಲುಸಾಲಾಗಿ ಬೀಜ ಸಾಗಿಸುವುದು ನಮ್ಮಲ್ಲಿ ಸಾಮಾನ್ಯ, ಅಂಚಿನ ಇರುವೆ ಗೂಡುಗಳನ್ನು ಬಿತ್ತುವ ಮುಂಚೆಯೇ ನೋಡಿಕೊಳ್ಳಿ.

ಬೋಳು ಜಾಗ ಸಣ್ಣದಾಗಿದ್ದರೆ ಬೀಜಕ್ಕಿಂತ ಬಳ್ಳಿಯೇ ಬೇಗ. ಚೆನ್ನಾಗಿರುವ ಕಡೆಯ ಗರಿಕೆ ಬಳ್ಳಿಯನ್ನು ಎರಡು ಮೂರು ಗೆಣ್ಣಿರುವಂತೆ ತುಂಡರಿಸಿ, ನಾಲ್ಕೈದು ಇಂಚಿಗೆ ಒಂದರಂತೆ, ಒಂದು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ ಮೆಟ್ಟಿ. ಬಳ್ಳಿ ಸಾಲದಿದ್ದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ವಿಚಾರಿಸಬಹುದು.

ನೀರು, ಮೊದಲ ಕಟಾವು

ಮೊದಲ ಎರಡು ವಾರ ಮೇಲಿನ ಅರ್ಧ ಇಂಚು ಒಣಗಲೇಬಾರದು. ಮಳೆಯಿಲ್ಲದ ದಿನ ಮೂರು ನಾಲ್ಕು ಸಲ, ಪೈಪಿನ ತುದಿಗೆ ಸಣ್ಣ ತೂತಿನ ಜಾಲರಿ (ರೋಸ್) ಹಾಕಿ, ಸಲಕ್ಕೆ 200 ಲೀಟರಿನಷ್ಟು ಸಿಂಪಡಿಸಿ. ಪೈಪಿನ ಬಾಯಿಗೆ ಬೆರಳೊತ್ತಿ ಚಿಮ್ಮಿಸಿದರೆ ಬೀಜ ಕೊಚ್ಚಿ ತಗ್ಗಿನಲ್ಲಿ ಗುಂಪಾಗುತ್ತದೆ. ಕೊನೆಯ ನೀರು ಸಂಜೆ ನಾಲ್ಕರೊಳಗೆ ಮುಗಿಯಲಿ, ರಾತ್ರಿಯಿಡೀ ಒದ್ದೆಯಿದ್ದರೆ ಬುಡಕೊಳೆ ರೋಗ ಬರುತ್ತದೆ. ಮೊಳಕೆ ಎದ್ದ ಮೇಲೆ ಸಲ ಕಡಿಮೆ ಮಾಡಿ, ಪ್ರಮಾಣ ಹೆಚ್ಚಿಸುತ್ತಾ ಬನ್ನಿ. ಆರು ವಾರದ ಹೊತ್ತಿಗೆ ವಾರಕ್ಕೆ ಒಂದಿಂಚು ನೀರು, ಅಂದರೆ ಸುಮಾರು 2,360 ಲೀಟರ್, ಎರಡು ಸಲಕ್ಕೆ ಹಂಚಿ ಕೊಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ. ಬಂದ ಮಳೆಯನ್ನು ಇದರಿಂದ ಕಳೆಯಿರಿ.

ಎರಡಿಂಚು ಬೆಳೆದಾಗ ಮೊದಲ ಕಟಾವು. ಒಮ್ಮೆಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ, ಬ್ಲೇಡು ಚೂಪಾಗಿರಲಿ, ಮೊಂಡು ಬ್ಲೇಡು ಎಳೆಯ ಹುಲ್ಲನ್ನು ಬೇರುಸಹಿತ ಎಳೆಯುತ್ತದೆ. ತಡವಾಗಿ ಕತ್ತರಿಸಿದರೆ ಹುಲ್ಲು ಮೇಲೇರುತ್ತದೆಯೇ ಹೊರತು ಹಬ್ಬುವುದಿಲ್ಲ. ಗರಿಕೆಯನ್ನು ಒತ್ತಾಗಿಸುವುದು ಪದೇ ಪದೇ ಮಾಡುವ ಕಟಾವೇ. ಎರಡನೇ ಕಟಾವಿನ ಬಳಿಕ ಅರ್ಧ ಕೆಜಿ ಯೂರಿಯಾವನ್ನು ಮರಳಿನಲ್ಲಿ ಬೆರೆಸಿ, ಎಲೆ ಒಣಗಿರುವಾಗ ಎರಚಿ ಕೂಡಲೇ ನೀರು ಹಾಕಿ. ನೀರು ತಡವಾದರೆ ಎಲೆ ಸುಡುತ್ತದೆ.

ಎಲ್ಲಿ ಕೆಡುತ್ತದೆ?

ಮೂರು ವಾರವಾದರೂ ಮೊಳೆಯದಿದ್ದರೆ ಮಣ್ಣು ಕೆದಕಿ ನೋಡಿ. ಬೀಜ ಗಟ್ಟಿಯಾಗಿಯೇ ಇದ್ದರೆ ಚಳಿ ಇಲ್ಲವೇ ಒಣಗು, ಮೆತ್ತಗೆ ಕೊಳೆತಿದ್ದರೆ ನೀರು ಹೆಚ್ಚು, ಬೀಜವೇ ಇಲ್ಲದಿದ್ದರೆ ಇರುವೆ ಅಥವಾ ಮಳೆ. ಮೇಲ್ಮೈ ತೆಳು ಬಿಲ್ಲೆಯಾಗಿ ಬಿರಿದಿದ್ದರೆ ಕೆಂಪು ಮಣ್ಣು ಹೆಪ್ಪುಗಟ್ಟಿದೆ, ಅದರಡಿ ಮೊಳಕೆ ಬಾಗಿ ಸಿಕ್ಕಿರುತ್ತದೆ. ಸಿಂಪಡಿಸಿ ಮೆತ್ತಗಾಗಿಸಿದರೆ ಎದ್ದುಬರುತ್ತದೆ. ಬಿತ್ತಿದ ಮೂರು ದಿನದೊಳಗೆ ಜೋರು ಮಳೆ ಬಂದರೆ ನೆಲ ಆರುವವರೆಗೆ ಕಾಲಿಡಬೇಡಿ, ಆಮೇಲೆ ಕೊಚ್ಚಿದ ಗೆರೆಗಳಿಗೆ ಮಿಶ್ರಣ ತುಂಬಿ ಅಲ್ಲಿಗಷ್ಟೇ ಮತ್ತೆ ಬಿತ್ತಿ. ಇದಕ್ಕಾಗಿ ನೂರು ಗ್ರಾಂ ಬೀಜ ಎತ್ತಿಟ್ಟಿರಿ.

ಎಂಟು ವಾರದವರೆಗೆ ಮಕ್ಕಳ ಆಟ, ಕುರ್ಚಿ, ಬೈಕು ಯಾವುದೂ ಲಾನಿನ ಮೇಲೆ ಬೇಡ. ಎಷ್ಟೇ ಜಾಗ್ರತೆಯಿಂದ ಮಾಡಿದರೂ ಮೊದಲ ಮಳೆಗಾಲದಲ್ಲಿ ಅಲ್ಲಲ್ಲಿ ನೆಲ ಕೂರುತ್ತದೆ. ನೀರು ನಿಂತ ಕಡೆಗೆ ಮಳೆಯಲ್ಲೇ ಕಡ್ಡಿ ನೆಟ್ಟು ಗುರುತು ಮಾಡಿಕೊಳ್ಳಿ. ಮುಂದಿನ ಮೇ ತಿಂಗಳ ಮೊದಲ ಮಳೆಯ ನಂತರ, ಹುಲ್ಲು ಚುರುಕಾಗಿ ಬೆಳೆಯುವಾಗ, ಅಷ್ಟು ಜಾಗಕ್ಕೆ ಒಂದು ಸೆಂಟಿಮೀಟರ್ ಮಿಶ್ರಣ ಹರಡಿ.